ಆರತಕ್ಷತೆಯ ಮೇಜು ಮತ್ತು ಅನರ್ಥದಂಡ

ವಿವಾಹದ ಮಾಂಗಲಿಕ ವಿಧಿಗಳು ಮುಗಿದ ಬಳಿಕ ಮಂಗಲ ಕಾರ್ಯಾಲಯದಲ್ಲಿ ಏರ್ಪಡುವ ಆರತಕ್ಷತೆಯು ವಿಜಯಪುರ ನಗರದ ಜೈನ ಮನೆತನಗಳಲ್ಲಿಯೂ ಈಗ ರೂಢಿಯಾಗಿದೆ. ವೇದಿಕೆಯ ಮೇಲೆ ಎರಡು ದೊಡ್ಡ ಕುರ್ಚಿಗಳು, ಆಯೇರಿ ಹಿಡಿದು ನಿಂತ ಬಂಧುಗಳ ಸಾಲು, ಅದರಾಚೆ ಬಿಳಿಯ ಬಟ್ಟೆ ಹೊದಿಸಿದ ದುಂಡು ಮೇಜುಗಳು. ಪ್ರತಿಯೊಂದು ಮೇಜಿನ ನಡುವೆ ಒಂದು ಹೂಕುಂಡವೋ, ಗಾಜಿನ ಬೋಗುಣಿಯೋ, ಉರಿಯುವ ಮೇಣದ ಬತ್ತಿಯೋ ಇರುತ್ತದೆ. ವಿವಾಹಗಳ ಆಡಂಬರವನ್ನು ಖಂಡಿಸುವವರು ಒಡವೆಯ ಬಗೆಗೆ, ಎಲೆಯಲ್ಲಿ ಉಳಿದುಹೋಗುವ ಅನ್ನದ ಬಗೆಗೆ ಸಾಕಷ್ಟು ಬರೆದಿದ್ದಾರೆ. ಮೇಜಿನ ನಡುವಿನ ಈ ಕಿರಿಯ ವಸ್ತುವಿನ ಕಡೆಗೆ ಯಾರೂ ಅಷ್ಟಾಗಿ ದೃಷ್ಟಿ ಹರಿಸಿಲ್ಲ. ಅದು ಕಿರಿದಾಗಿರುವುದೇ ಅದಕ್ಕೆ ಕಾರಣವಾಗಿರಬಹುದು. ಆದರೆ ಯಾವ ವಿಧಿಯೂ ಬೇಡದ, ಯಾವ ಅತಿಥಿಯೂ ಕೇಳದ, ಆದರೂ ಹಣ ತೆತ್ತು ತರಿಸುವ ವಸ್ತುವೆಂದರೆ ಇಡೀ ಸಮಾರಂಭದಲ್ಲಿ ಇದೊಂದೇ. ಶ್ರಾವಕಾಚಾರದ ಒರೆಗಲ್ಲಿಗೆ ಹಚ್ಚಿ ನೋಡಲು ಇದಕ್ಕಿಂತ ಶುದ್ಧವಾದ ಉದಾಹರಣೆ ದೊರೆಯುವುದು ಕಷ್ಟ.

ಈ ಭಾಗದ ಊಟಕ್ಕೆ 'ನಡು' ಎಂಬುದೇ ಇರಲಿಲ್ಲ. ಪಂಕ್ತಿಯಲ್ಲಿ ಕುಳಿತವರ ಮುಂದೆ ಎಲೆ ಅಥವಾ ಪತ್ರಾವಳಿ, ಎದುರು ಸಾಲಿನವರ ಮುಂದೆ ಇನ್ನೊಂದು. ಎರಡು ಸಾಲುಗಳ ನಡುವಿನ ಜಾಗ ಬಡಿಸುವವನು ನಡೆದಾಡುವುದಕ್ಕೆ ಮೀಸಲು. ಅಲಂಕಾರ ಇರಲಿಲ್ಲವೆಂದಲ್ಲ. ಮದುಮಕ್ಕಳ ಎಲೆಯ ಸುತ್ತ, ಬೀಗರ ಎಲೆಯ ಸುತ್ತ ರಂಗೋಲಿಯ ಎಳೆ ಎಳೆಯುತ್ತಿದ್ದರು. ಹಿಡಿಯಷ್ಟು ಪುಡಿ, ಮನೆಯ ಹೆಣ್ಣುಮಕ್ಕಳ ಬೆರಳು, ಇಷ್ಟೇ ಅದರ ಖರ್ಚು. ಊಟ ಮುಗಿದು ನೆಲ ಸಾರಿಸಿದರೆ ಅದರ ಗುರುತೂ ಉಳಿಯುತ್ತಿರಲಿಲ್ಲ. ದುಂಡು ಮೇಜು ಬಂದ ಮೇಲೆ, ಎಂಟು ಹತ್ತು ಜನ ಸುತ್ತ ಕುಳಿತಾಗ ನಡುವೆ ಯಾರ ಕೈಗೂ ಸುಲಭವಾಗಿ ಎಟುಕದ ಒಂದು ಖಾಲಿ ವೃತ್ತ ಹುಟ್ಟಿತು. ಖಾಲಿ ಜಾಗವನ್ನು ಕಂಡರೆ ತುಂಬಬೇಕೆನ್ನುವುದು ಮನುಷ್ಯಸ್ವಭಾವ. ಆ ಸ್ವಭಾವವೇ ಇಂದು ಒಂದು ವ್ಯಾಪಾರವಾಗಿದೆ.

ಆಚಾರ್ಯ ಸಮಂತಭದ್ರರು ತಮ್ಮ ರತ್ನಕರಂಡ ಶ್ರಾವಕಾಚಾರದಲ್ಲಿ ಮೂರು ಗುಣವ್ರತಗಳನ್ನು ಹೇಳುತ್ತ ಅನರ್ಥದಂಡವ್ರತಕ್ಕೆ ಸ್ಥಾನ ಕೊಟ್ಟಿದ್ದಾರೆ. ಪ್ರಯೋಜನವಿಲ್ಲದೆ ಎಸಗುವ ಪಾಪವೇ ಅನರ್ಥದಂಡ. ಅದರ ಐದು ಬಗೆಗಳಲ್ಲಿ ಪ್ರಮಾದಚರ್ಯೆ ಒಂದು. ಸುಮ್ಮನೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿ ಬೀಸುವುದು, ಗಿಡಬಳ್ಳಿಗಳನ್ನು ಕತ್ತರಿಸುವುದು, ಇವೆಲ್ಲ ಅದರೊಳಗೆ ಬರುತ್ತವೆ. ಗೃಹಸ್ಥನು ಉಳದೆ, ಉರಿಹಚ್ಚದೆ, ಕೊಯ್ಯದೆ ಬದುಕಲಾರನೆಂಬುದನ್ನು ಆಚಾರ್ಯರು ಬಲ್ಲರು. ಆದುದರಿಂದಲೇ ಅವರ ಆಕ್ಷೇಪ ಕೊಯ್ಯುವುದಕ್ಕಲ್ಲ, ನಿಷ್ಫಲವಾಗಿ ಕೊಯ್ಯುವುದಕ್ಕೆ. ಆರತಕ್ಷತೆಯ ಮೇಜಿನ ಮೇಲೆ ನೀರು, ಬೆಂಕಿ, ಕತ್ತರಿಸಿದ ಹೂವು ಮೂರೂ ಒಂದೇ ಬೋಗುಣಿಯಲ್ಲಿ ಕೂಡಿರುವುದನ್ನು ಕಂಡರೆ, ಪ್ರಮಾದಚರ್ಯೆಯ ವ್ಯಾಖ್ಯಾನಕ್ಕಾಗಿಯೇ ಯಾರೋ ಸಿದ್ಧಪಡಿಸಿಟ್ಟ ಮಾದರಿಯಂತೆ ಅದು ತೋರುತ್ತದೆ.

ಜೈನ ಪರಂಪರೆ ಅಲಂಕಾರದ ವೈರಿಯೆಂದು ಇದರಿಂದ ತಿಳಿಯಬಾರದು. ವಿಜಯಪುರದ ಸಹಸ್ರಫಣಿ ಪಾರ್ಶ್ವನಾಥ ಸ್ವಾಮಿಯ ಮೂರ್ತಿಯನ್ನು ಕಂಡವರಿಗೆ ಆ ಮಾತು ಒಪ್ಪಿಗೆಯಾಗಲಾರದು. ಸಾವಿರಕ್ಕೂ ಮಿಕ್ಕಿದ ಹೆಡೆಗಳನ್ನು ಕಲ್ಲಿನಲ್ಲಿ ಕಡೆದ ಶಿಲ್ಪಿ ಸರಳತೆಯ ನೆಪ ಹೇಳಿ ಕೈಕಟ್ಟಿ ಕೂಡಲಿಲ್ಲ. ಆದರೆ ಅಲ್ಲಿಯ ಒಂದೊಂದು ಹೆಡೆಗೂ ಅರ್ಥವಿದೆ, ಧರಣೇಂದ್ರನ ಕಥೆಯಿದೆ, ಬಾಳಿಕೆಯಿದೆ. ಹೂವಿನ ವಿಷಯವೂ ಹಾಗೆಯೇ. ಉತ್ತರ ಭಾರತದ ದಿಗಂಬರ ತೇರಾಪಂಥದವರು ಪೂಜೆಯಲ್ಲಿ ಸಹ ಹೂವನ್ನು ಬಳಸದೆ ಕೇಸರಿ ಹಚ್ಚಿದ ಅಕ್ಷತೆಯನ್ನೇ ಪುಷ್ಪವೆಂದು ಅರ್ಪಿಸುತ್ತಾರೆ. ಕರ್ನಾಟಕದ ಬಸದಿಗಳಲ್ಲಿ ಹೂವಿನ ಪೂಜೆ ನಡೆದುಬಂದಿದೆ. ಯಾವುದು ಸರಿಯೆಂಬ ಚರ್ಚೆ ಇಲ್ಲಿ ಬೇಕಿಲ್ಲ. ಭಗವಂತನ ಪಾದಕ್ಕೆ ಹೂವು ಏರಿಸಬೇಕೇ ಬೇಡವೇ ಎಂದು ಮುನ್ನೂರು ವರ್ಷಗಳಿಗೂ ಮಿಕ್ಕಿ ತರ್ಕ ಮಾಡಿದ ಸಮಾಜ, ಎಂಜಲು ಒರೆಸಿದ ಕಾಗದಗಳ ನಡುವೆ ಹೂವು ಇಡಬೇಕೇ ಎಂದು ಒಮ್ಮೆಯೂ ಕೇಳಿಕೊಳ್ಳದಿರುವುದು ವಿಚಿತ್ರ. ಮದುಮಕ್ಕಳ ಮಾಲೆ, ಹಂದರದ ಮಾವಿನ ತೋರಣ, ಹೆಣ್ಣುಮಕ್ಕಳ ಮುಡಿಯ ಮಲ್ಲಿಗೆ, ಇವು ಯಾರನ್ನೋ ಗೌರವಿಸುತ್ತವೆ, ಹೂಗಾರರ ಮನೆಗೆ ದುಡಿಮೆಯನ್ನೂ ಕೊಡುತ್ತವೆ. ಅವುಗಳಿಗೆ ಇಲ್ಲಿ ಆಕ್ಷೇಪವಿಲ್ಲ. ಮೇಜಿನ ನಡುವಿನ ಹೂವನ್ನು ಯಾರೂ ಮುಡಿಯುವುದಿಲ್ಲ, ಯಾರೂ ಮೂಸುವುದೂ ಇಲ್ಲ. ಪಲ್ಯದ ಬಟ್ಟಲಿಗೆ ಜಾಗ ಸಾಲದಾದಾಗ ಅದು ಮೇಜಿನ ಕೆಳಗೆ ಇಳಿಯುತ್ತದೆ. ಎತ್ತರದ ಕುಂಡವಾದರೆ ಎದುರಿಗೆ ಕುಳಿತ ಸೋದರಮಾವನ ಮುಖವೇ ಕಾಣುವುದಿಲ್ಲ.

ಮೇ ತಿಂಗಳಿನ ವಿಜಯಪುರದ ಬಿಸಿಲನ್ನು ಬಲ್ಲವರಿಗೆ ಈ ಹೂವಿನ ಆಯುಷ್ಯವನ್ನು ವಿವರಿಸಿ ಹೇಳಬೇಕಾಗಿಲ್ಲ. ದೂರದ ಪಾಲಿಹೌಸುಗಳಲ್ಲಿ ಬೆಳೆದ ಜರ್ಬೆರಾ, ಕಾರ್ನೇಶನ್‌ಗಳನ್ನು ತಂಪು ಪೆಟ್ಟಿಗೆಯಲ್ಲಿ ತಂದು ಸಂಜೆಯವರೆಗೆ ನಿಲ್ಲಿಸಬೇಕಾದರೆ ನೀರು ಹೀರಿದ ಹಸಿರು ಸ್ಪಂಜು ಬೇಕು. 1954ರಲ್ಲಿ ಅಮೆರಿಕೆಯಲ್ಲಿ ಹುಟ್ಟಿ, ಓಯಸಿಸ್ ಎಂಬ ವ್ಯಾಪಾರನಾಮದಿಂದ ಲೋಕವೆಲ್ಲ ಹರಡಿದ ಈ ವಸ್ತು ಫೀನಾಲ್ ಮತ್ತು ಫಾರ್ಮಾಲ್ಡಿಹೈಡುಗಳಿಂದಾದ ಪ್ಲಾಸ್ಟಿಕ್. ಅದು ಪುಡಿಯಾಗುತ್ತದೆ, ಕೊಳೆಯುವುದಿಲ್ಲ. ಹೂವು ಬಾಡಿ ಮಣ್ಣಾದ ಮೇಲೂ ಸ್ಪಂಜಿನ ಪುಡಿ ಹೊಲದ ಬದುವಿನಲ್ಲಿ ಉಳಿಯುತ್ತದೆ. 'ನೈಸರ್ಗಿಕ ಅಲಂಕಾರ'ವೆಂದು ಹೇಳಿ ಮಾರುವುದರ ಒಳತಿರುಳು ಇದು.

ದುಬಾರಿ ಹೂಕುಂಡವನ್ನು ಬಿಟ್ಟವರು ಹಿಡಿಯುವ ದಾರಿ ಅಗ್ಗದ ಅಲಂಕಾರದ್ದು. ಅಗ್ಗವಾದುದೆಲ್ಲ ಸರಳವೆಂಬ ಭ್ರಮೆ ಇಲ್ಲಿ ದೊಡ್ಡದು. ಬೋಗುಣಿಯ ನೀರಿನಲ್ಲಿ ತೇಲುವ ಮೇಣದ ಬತ್ತಿ ಅಗ್ಗವೆಂಬುದು ನಿಜ. ಆದರೆ ದೀಪಕ್ಕೆ ಹುಳು ಬೀಳುತ್ತವೆಂಬ ಕಾರಣದಿಂದಲೇ ಹಿರಿಯರು ರಾತ್ರಿಭೋಜನವನ್ನು ತ್ಯಜಿಸಿದರು. ಊಟದ ತಟ್ಟೆಯಿಂದ ಒಂದು ಗೇಣು ದೂರದಲ್ಲಿ ಬೇಕೆಂದೇ ಹಚ್ಚಿಟ್ಟ ಉರಿ, ಅದರಡಿಯಲ್ಲಿ ಬಿದ್ದ ಹುಳು ಹೊರಬರಲಾಗದಂತೆ ನಿಂತ ನೀರು. ಮೇ ತಿಂಗಳ ಮಳೆಗೆ ರೆಕ್ಕೆಯ ಗೆದ್ದಲು ಏಳುವ ಒಂದು ಸಂಜೆ ಇದರ ಪರಿಣಾಮವನ್ನು ನೋಡಿದರೆ ಸಾಕು. ಇನ್ನು ಆ ನೀರು. ಗಾಳಿಸಿದ ನೀರಿಗೂ ಒಂದು ಮುಹೂರ್ತದ, ಎಂದರೆ 48 ನಿಮಿಷಗಳ ಮಿತಿಯನ್ನು ಹೇಳುವ ಮನೆಗಳಲ್ಲಿ, ನಾಲ್ಕು ತಾಸು ಕದಲದೆ ನಿಂತ ಬೋಗುಣಿಗಳು ಮಂಗಲಕಾರ್ಯದ ಶೋಭೆ ಎನಿಸುತ್ತಿವೆ. ನೀರಿನ ಪ್ರಮಾಣ ಹೆಚ್ಚಿನದಲ್ಲ, ಮೇಜಿಗೆ ಮೂರು ಲೀಟರಿನಂತೆ ನಾಲ್ವತ್ತು ಮೇಜಿಗೆ 120 ಲೀಟರು. ಆದರೂ ತುಬಚಿ–ಬಬಲೇಶ್ವರ ಏತ ನೀರಾವರಿಯ ನೀರು ಬರುವ ಮುನ್ನ ಟ್ಯಾಂಕರಿನಲ್ಲಿ ನೀರು ತಂದು ದ್ರಾಕ್ಷಿಬಳ್ಳಿ ಉಳಿಸಿಕೊಂಡ ತಿಕೋಟಾ ಭಾಗದ ಒಕ್ಕಲಿಗನ ಕಣ್ಣಿಗೆ, ನೋಡುವುದಕ್ಕಷ್ಟೇ ತುಂಬಿಟ್ಟ ನೀರು ಹೇಗೆ ಕಾಣಿಸೀತೆಂಬುದನ್ನು ಊಹಿಸಬಹುದು.

ಅದೇ ಬೋಗುಣಿಯಲ್ಲಿ ಬಣ್ಣದ ಮೀನು ಬಿಡುವ ಕ್ರಮವೊಂದನ್ನು ಅಲಂಕಾರದ ಪುಸ್ತಕಗಳು 'ಸುಲಭೋಪಾಯ'ವೆಂದು ಹೇಳುತ್ತವೆ. ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ ಎಂದು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಪಾಠಶಾಲೆಯ ಮಗುವೂ ಬಾಯಿಪಾಠ ಹೇಳುತ್ತದೆ. ಪಂಚೇಂದ್ರಿಯ ಜೀವವನ್ನು ಗಾಜಿನಲ್ಲಿ ಬಂಧಿಸಿ ಅದರ ಸುತ್ತ ಕುಳಿತು ಊಟ ಮಾಡುವುದರ ವಿಚಾರ ಇಷ್ಟಕ್ಕೇ ಸಾಕು. ಥರ್ಮೋಕೋಲಿನ ಹಂಸ, ಹೃದಯಾಕಾರಗಳ ಮಾತೂ ಹೆಚ್ಚು ಬೇಕಿಲ್ಲ. ಅಲಂಕಾರದ ಥರ್ಮೋಕೋಲು ಮತ್ತು ಬಲೂನಿನ ಪ್ಲಾಸ್ಟಿಕ್ ಕಡ್ಡಿಗಳು 2022ರ ಜುಲೈ 1ರಿಂದ ದೇಶದಾದ್ಯಂತ ನಿಷಿದ್ಧ. ಧರ್ಮದ ಮಾತು ಕೇಳದವರು ಕಾನೂನಿನ ಮಾತನ್ನಾದರೂ ಕೇಳಬೇಕು.

ಬಟ್ಟೆಯ ಕೃತಕ ಹೂವುಗಳ ಬಗೆಗೆ ಮಾತ್ರ ನ್ಯಾಯವಾಗಿ ಒಂದು ಮಾತು ಹೇಳಬೇಕು. ಬಾಡಿಗೆಗೆ ತಂದು ನೂರು ಮದುವೆಗಳಲ್ಲಿ ಬಳಸುವ ಹೂವು, ಒಂದು ಸಂಜೆಗಾಗಿ ಕತ್ತರಿಸಿದ ಹೂವಿಗಿಂತ ಕಡಮೆ ಹಿಂಸೆಯದು. ಅದರ ದೋಷ ಬೇರೆ. ಅದು ಇಲ್ಲದುದನ್ನು ಇದೆಯೆಂದು ತೋರಿಸುತ್ತದೆ. ಧೂಳು ಹಿಡಿದ ಪಾಲಿಯೆಸ್ಟರ್ ಗುಲಾಬಿಯನ್ನು ನೋಡಿ ಯಾರಿಗಾದರೂ ಸಂಸಾರದಲ್ಲಿ ವೈರಾಗ್ಯ ಹುಟ್ಟಬಹುದು, ಆದರೆ ಮದುವೆಮನೆ ಅದಕ್ಕೆ ತಕ್ಕ ಜಾಗವಲ್ಲ.

ದೀಪದ ಪ್ರಶ್ನೆಗೆ ಇನ್ನೂ ಸುಲಭವಾದ ಪರಿಹಾರವಿದೆ. ಮೇ ತಿಂಗಳಲ್ಲಿ ವಿಜಯಪುರದ ಸೂರ್ಯಾಸ್ತ ಏಳು ಗಂಟೆಗೆ ಕೆಲವೇ ನಿಮಿಷ ಮೊದಲು. ಆರತಕ್ಷತೆಯನ್ನು ನಾಲ್ಕೂವರೆಗೆ ಆರಂಭಿಸಿ ಆರೂವರೆಯೊಳಗೆ ಊಟ ಮುಗಿಸಿದರೆ ಮೇಣದ ಬತ್ತಿಯೂ ಬೇಡ, ಬಣ್ಣದ ದೀಪದ ಸರವೂ ಬೇಡ. 'ಸೂರ್ಯಾಸ್ತಕ್ಕೆ ಮುನ್ನ ಭೋಜನ' ಎಂದು ಆಮಂತ್ರಣ ಪತ್ರಿಕೆಯಲ್ಲಿ ಅಚ್ಚು ಹಾಕಿಸುವ ಮನೆತನಗಳು ಇವೆ. ಆದರೆ ವಧೂವರರ ಅಲಂಕಾರ ಮುಗಿಯುವುದೇ ಏಳಕ್ಕೆ ಎಂದಾದಾಗ ಆ ಸಾಲು ಕಾಗದದ ಮೇಲಷ್ಟೇ ಉಳಿಯುತ್ತದೆ.

ಖರ್ಚಿನ ಲೆಕ್ಕ ಸಣ್ಣದೆಂದು ತಳ್ಳಿಹಾಕುವವರೂ ಇದ್ದಾರೆ. ಒಂದು ಮೇಜಿಗೆ 600 ರೂಪಾಯಿ ಎಂದೇ ಇಟ್ಟುಕೊಳ್ಳೋಣ. ನಾನೂರು ಜನರ ಆರತಕ್ಷತೆಗೆ ನಾಲ್ವತ್ತು ಮೇಜು, 24,000 ರೂಪಾಯಿ. ನಗರದ ವ್ಯಾಪಾರಸ್ಥನಿಗೆ ಇದು ಲೆಕ್ಕಕ್ಕೆ ಬಾರದ ಮೊತ್ತ. ಆದರೆ ಅವನ ಕಾರ್ಯಕ್ಕೆ ತಿಕೋಟಾ, ಬಬಲೇಶ್ವರಗಳಿಂದ ಬಂದ ಬಂಧುಗಳು ಆ ಮೇಜಿನ ಸುತ್ತ ಕುಳಿತು ಎದ್ದು ಹೋಗುತ್ತಾರೆ. ಮುಂದಿನ ವರ್ಷ ಅವರಲ್ಲೊಬ್ಬರ ಮಗಳ ಮದುವೆ. 'ಅವರಲ್ಲಿ ಹಾಗಿತ್ತು' ಎಂದು ಬೀಗರ ಕಡೆಯ ಯಾರೋ ಒಂದು ಮಾತು ಆಡುತ್ತಾರೆ. ಐದಾರು ಎಕರೆ ಒಣಬೇಸಾಯದ ತಂದೆಗೆ ಅದೇ ಮೊತ್ತ ಮುಂಗಾರಿನ ಬೀಜ ಗೊಬ್ಬರದ ಹಣ. ಶ್ರೀಮಂತನ ಮೇಜು ಅವನೊಬ್ಬನ ಮೇಜಾಗಿ ಉಳಿಯುವುದಿಲ್ಲ, ಅದು ಉಳಿದವರಿಗೆ ಅಳತೆಗೋಲಾಗುತ್ತದೆ. ಅಪರಿಗ್ರಹವನ್ನು ಬರಿಯ ಸ್ವಂತ ತಿಜೋರಿಯ ವಿಚಾರವೆಂದು ತಿಳಿದವರು ಈ ಕೊಂಡಿಯನ್ನು ಮರೆಯುತ್ತಾರೆ. ಧರ್ಮಸ್ಥಳದಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರು 1972ರಲ್ಲಿ ಉಚಿತ ಸಾಮೂಹಿಕ ವಿವಾಹಗಳನ್ನು ಆರಂಭಿಸಿದಾಗ ಅವರ ಕಣ್ಣ ಮುಂದೆ ಇದ್ದುದು ಮದುವೆಯ ಸಾಲದಲ್ಲಿ ಮುಳುಗುವ ಇಂಥ ಕುಟುಂಬಗಳೇ. ಜೈನ ಮನೆತನವೊಂದು ನಾಡಿನ ಎಲ್ಲ ಜಾತಿಯವರಿಗೂ ಕಲಿಸಿದ ಈ ಪಾಠ ಜೈನರ ಕಾರ್ಯಾಲಯಗಳ ಬಾಗಿಲನ್ನು ಇನ್ನೂ ಪೂರ್ತಿಯಾಗಿ ದಾಟಿಲ್ಲ. ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಹುಟ್ಟಿ, ಜೇಬಿಲ್ಲದ ಅಂಗಿ ತೊಟ್ಟು, 2018ರಲ್ಲಿ ಪದ್ಮಶ್ರೀಯನ್ನೂ ಬೇಡವೆಂದ ಸಿದ್ಧೇಶ್ವರ ಸ್ವಾಮಿಗಳನ್ನು ಈ ಜಿಲ್ಲೆಯ ಜನ ಮತಭೇದವಿಲ್ಲದೆ ಗೌರವಿಸಿದರು. 2023ರ ಜನವರಿಯಲ್ಲಿ ಅವರು ದೇಹ ಬಿಟ್ಟಾಗ ಸ್ಮಾರಕ ಬೇಡವೆಂದು ಮೊದಲೇ ಬರೆದಿಟ್ಟಿದ್ದರು. ಸರಳತೆಯನ್ನು ದೂರದಿಂದ ಪೂಜಿಸುವುದರಲ್ಲಿ ಈ ನಾಡಿಗೆ ಕೊರತೆಯಿಲ್ಲ.

ಹಾಗಾದರೆ ಮೇಜಿನ ನಡುವೆ ಏನಿರಬೇಕು? ಏನೂ ಇಲ್ಲದಿದ್ದರೂ ನಡೆದೀತು ಎಂಬುದು ಮೊದಲ ಉತ್ತರ. ಒಗೆದು ಗಂಜಿ ಹಾಕಿದ ಬಟ್ಟೆ, ತೊಳೆದಿಟ್ಟ ನೀರಿನ ಚರಿಗೆ, ಇವಕ್ಕಿಂತ ಹೆಚ್ಚಿನ ಮರ್ಯಾದೆಯನ್ನು ಯಾವ ಅತಿಥಿಯೂ ಬಯಸುವುದಿಲ್ಲ. ಆದರೂ ಮಂಗಲಕಾರ್ಯದಲ್ಲಿ ಕಣ್ಣಿಗೆ ಹಬ್ಬವಾಗುವಂತೆ ಏನಾದರೂ ಇರಲೆಂಬ ಮನೆಯವರ ಆಸೆಯನ್ನು ಪಾಪವೆನ್ನಲಾಗದು. ಅಂಥ ವಸ್ತುವಿಗೆ ಒಂದೇ ಪರೀಕ್ಷೆ ಸಾಕು: ಊಟ ಮುಗಿದ ಮೇಲೆ ಅದು ಎಲ್ಲಿಗೆ ಹೋಗುತ್ತದೆ? ಯಾರದೋ ಹೊಟ್ಟೆಗೆ, ಮನೆಗೆ, ಬಳಕೆಗೆ ಹೋಗುವುದಾದರೆ ಅದು ಸಾರ್ಥಕ. ತಿಪ್ಪೆಗೆ ಹೋಗುವುದಾದರೆ ಅದರ ಬೆಲೆ ಹತ್ತು ರೂಪಾಯಿಯಾದರೂ ಅನರ್ಥದಂಡ.

ತಿಕೋಟಾ ಭಾಗದವರು ಉತ್ತರಕ್ಕಾಗಿ ದೂರ ಹುಡುಕಬೇಕಿಲ್ಲ. ದ್ರಾಕ್ಷಿಯ ಕೊಯ್ಲು ಮುಗಿದು, ಶೆಡ್ಡಿನ ಬಲೆಗಳ ಮೇಲೆ ಒಣಗಿದ ಮಣೂಕ ಚೀಲ ಸೇರುವುದೂ ಮದುವೆಯ ಸುಗ್ಗಿ ಆರಂಭವಾಗುವುದೂ ಹೆಚ್ಚುಕಡಮೆ ಒಂದೇ ಕಾಲ. ಚೆನ್ನಾಗಿ ಆರಿಸಿದ ಮಣೂಕವನ್ನು ಹಿತ್ತಾಳೆಯ ಬಟ್ಟಲಿನಲ್ಲಿಯೋ ಬಿದಿರಿನ ಸಣ್ಣ ಬುಟ್ಟಿಯಲ್ಲಿಯೋ ರಾಶಿಮಾಡಿ ಇಟ್ಟರೆ ಮೇಜಿಗೆ ಕಾಲು ಕಿಲೋದಂತೆ ನಾಲ್ವತ್ತು ಮೇಜಿಗೆ ಹತ್ತು ಕಿಲೋ ಆಯಿತು. ಹಸಿರು, ಹೊಂಬಣ್ಣ, ಕಪ್ಪು ಎಂದು ಮೂರು ಬಣ್ಣದ ಮಣೂಕ ಬೇರೆ ಬೇರೆ ದೊನ್ನೆಗಳಲ್ಲಿದ್ದರೆ ಅದರ ಚೆಲುವಿಗೆ ಬೇರೆ ಹೂವು ಬೇಕಾಗದು. ಕುಳಿತವರು ಮಾತಾಡುತ್ತ ನಾಲ್ಕು ಕಾಳು ತಿನ್ನುತ್ತಾರೆ, ಉಳಿದುದು ಮಕ್ಕಳ ಕೈಸೇರುತ್ತದೆ. ವಧುವಿನ ತಂದೆ ತನ್ನ ತೋಟದ ಬೆಳೆಯನ್ನೇ ಇಟ್ಟಿದ್ದರಂತೂ ಅದರ ಗೌರವ ಹಣ ಕೊಟ್ಟರೆ ಬರುವಂಥದಲ್ಲ.

ಡೋಣಿ ನದಿಯ ಎರೆಭೂಮಿಯ ಬಬಲೇಶ್ವರ ಭಾಗದಲ್ಲಿ ಬಿಳಿಜೋಳದ ತೆನೆ ಇದೆ. ಸುಗ್ಗಿಯಲ್ಲಿ ದಂಟುಸಹಿತ ಎತ್ತಿಟ್ಟ ಏಳೆಂಟು ತೆನೆಗಳನ್ನು ಮಣ್ಣಿನ ಕುಡಿಕೆಯಲ್ಲಿ ನಿಲ್ಲಿಸಿದರೆ ನೀರೂ ಬೇಡ, ಸ್ಪಂಜೂ ಬೇಡ, ವಾರವಾದರೂ ಬಾಡದು. ಬಿತ್ತಿದರೆ ಮೊಳೆಯುವ ಕಾಳು ಸಚಿತ್ತವಲ್ಲವೇ ಎಂಬ ಆಕ್ಷೇಪ ಶಾಸ್ತ್ರ ಬಲ್ಲವರಿಂದ ಬರಬಹುದು. ಸಚಿತ್ತತ್ಯಾಗ ಐದನೆಯ ಪ್ರತಿಮೆಯನ್ನು ಏರಿದ ಶ್ರಾವಕನಿಗೆ ಹೇಳಿದ್ದು, ಅದೂ ಸೇವನೆಯ ವಿಷಯದಲ್ಲಿ. ಮನೆಯ ಕಣಜದಲ್ಲಿ ಇರುವ ಕಾಳು ಒಂದು ಸಂಜೆ ಮೇಜಿನ ಮೇಲೆ ಇದ್ದು ಮತ್ತೆ ಕಣಜಕ್ಕೆ ಮರಳಿದರೆ ಹೊಸ ಹಿಂಸೆಯೇನೂ ಆಗಲಿಲ್ಲ. ತೆನೆಯನ್ನು ಅಂಗಳದಲ್ಲಿ ತೂಗುಹಾಕಿದರೆ ಗುಬ್ಬಿಗಳ ಪಾಲಾದೀತು. ಒಡೆದು ಬೆಳ್ಳಗಾದ ಹತ್ತಿಯ ಕಾಯಿಗಳಿರುವ ಒಣಗಿದ ಕಡ್ಡಿಯೂ ಹೀಗೆಯೇ ಒಪ್ಪುತ್ತದೆ. ಇಂಡಿಯ ಲಿಂಬೆ ಜಿಲ್ಲೆಗೆಲ್ಲ ಹೆಸರುವಾಸಿ. ಹಿರಿಯರ ಭೇಟಿಗೆ ಲಿಂಬೆಹಣ್ಣು ಹಿಡಿದು ಹೋಗುವ ನಾಡಿನಲ್ಲಿ, ತಟ್ಟೆಯ ತುಂಬ ಹಳದಿ ಹಣ್ಣು ಇಟ್ಟು ಏಳುವಾಗ ಒಬ್ಬೊಬ್ಬರ ಕೈಗೆ ಒಂದೊಂದು ಕೊಟ್ಟರೆ ಅಲಂಕಾರವೇ ಬೀಳ್ಕೊಡುಗೆಯಾಗುತ್ತದೆ.

ಉಡಿ ತುಂಬುವ ಸಾಮಾನನ್ನೇ, ಎಂದರೆ ಕೊಬ್ಬರಿ ಬಟ್ಟಲು, ಉತ್ತತ್ತಿ, ಅಡಿಕೆ, ಅರಿಷಿಣಕೊಂಬು, ಖಣಗಳನ್ನು ಮೇಜಿನ ನಡುವೆ ಇಡುವ ಸಲಹೆ ಮೊದಲ ನೋಟಕ್ಕೆ ಎಲ್ಲಕ್ಕಿಂತ ಸೊಗಸಾಗಿ ಕಾಣುತ್ತದೆ. ಆದರೆ ಆ ಮೇಜಿನ ಸುತ್ತ ಕುಳಿತವರಲ್ಲಿ ಗಂಡನನ್ನು ಕಳೆದುಕೊಂಡ ಅತ್ತಿಗೆಯೋ ದೊಡ್ಡಮ್ಮನೋ ಒಬ್ಬರಿದ್ದೇ ಇರುತ್ತಾರೆ. ತನಗೆ ಸಲ್ಲದೆಂದು ರೂಢಿ ಹೇಳುವ ವಸ್ತುಗಳನ್ನು ಎದುರಿಗೆ ನೋಡುತ್ತ ಆಕೆ ಊಟ ಮಾಡಬೇಕು. ನೋವುಂಟುಮಾಡುವುದೂ ಹಿಂಸೆಯೇ ಆದ್ದರಿಂದ ಎಲ್ಲರಿಗೂ ಸಮನಾಗಿ ಸಲ್ಲುವ ಮಣೂಕ, ಲಿಂಬೆಗಳೇ ಮೇಲು. ಗುಳೇದಗುಡ್ಡದ ಖಣವನ್ನು ಬೇರೆಯಾಗಿ ಮೇಜಿನ ಹಾಸಿನ ಪಟ್ಟಿಯನ್ನಾಗಿ ಬಳಸಬಹುದು. 1997ರಲ್ಲಿ ಬಾಗಲಕೋಟೆ ಬೇರೆ ಜಿಲ್ಲೆಯಾಗುವವರೆಗೆ ಅದು ಈ ಜಿಲ್ಲೆಯದೇ ನೇಯ್ಗೆಯಾಗಿತ್ತು. ಮದುವೆ ಮುಗಿದ ಮೇಲೆ ಅದು ಕುಪ್ಪಸವಾಗುತ್ತದೆ. ರೇಷ್ಮೆ ಇಲ್ಲದ ಖಣವನ್ನೇ ಕೇಳಿ ಕೊಳ್ಳಬೇಕು. ಗೂಡಿನೊಳಗಿನ ಹುಳುವನ್ನು ಕೊಲ್ಲದೆ ಸಾಮಾನ್ಯ ರೇಷ್ಮೆ ಸಿಗದೆಂಬುದನ್ನು ಬಲ್ಲ ಸಮಾಜಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲವಾದರೂ, ಮದುವೆಯ ಜವಳಿ ಕೊಳ್ಳುವಾಗ ಅದು ಮರೆತುಹೋಗುವುದುಂಟು.

ಭಕ್ತಿಯ ಭರದಲ್ಲಿ ಆಗುವ ತಪ್ಪು ಬೇರೆಯದು. ಜೈನರ ಕಾರ್ಯವೆಂದು ಗುರುತಾಗಲಿ ಎಂದು ಭೃಂಗಾರ, ದರ್ಪಣ, ಛತ್ರ, ಚಾಮರಾದಿ ಅಷ್ಟಮಂಗಲಗಳ ಕಿರುರೂಪಗಳನ್ನೋ, ತೀರ್ಥಂಕರರ ಚಿತ್ರವಿರುವ ಫಲಕವನ್ನೋ ಮೇಜಿನ ಮೇಲೆ ಇರಿಸುವುದು ವಿನಯವಲ್ಲ. ಸಾರಿನ ಹನಿ ಸಿಡಿಯುವ ಜಾಗ ಅವುಗಳದಲ್ಲ. ಧರ್ಮಪುಸ್ತಿಕೆಗಳನ್ನು ಮೇಜಿನ ನಡುವೆ ಜೋಡಿಸಿಡುವ ಯೋಚನೆಯೂ ಸದುದ್ದೇಶದ್ದೇ. ಹತ್ತನೆಯ ಶತಮಾನದ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ನಾಡಿದು. ಆಕೆಯ ಆಶ್ರಯ ಪಡೆದ ರನ್ನ ಹುಟ್ಟಿದ ಮುಧೋಳ ಇಲ್ಲಿಂದ ಬಹಳ ದೂರವೇನಲ್ಲ. ಆದರೆ ಶಾಸ್ತ್ರದಾನ ಕೈ ತೊಳೆದವರ ಕೈಗೆ ಆಗಬೇಕು. ಪುಸ್ತಿಕೆಗಳನ್ನು ಬಾಗಿಲಲ್ಲಿ, ಹೊರಡುವವರಿಗೆ ಕೊಡುವುದು ಲೇಸು.

ಈ ವಿಷಯದಲ್ಲಿ ಮನೆತನಗಳಿಗಿಂತ ಬಸದಿಯ ಟ್ರಸ್ಟುಗಳ ಹೊಣೆ ಹೆಚ್ಚಿನದು. ಒಂದು ಮನೆಯವರು ಹೂಕುಂಡ ಇಡದಿದ್ದರೆ ಅವರು ಜಿಪುಣರೆನಿಸಿಕೊಳ್ಳುತ್ತಾರೆ, ಟ್ರಸ್ಟು ಬೇಡವೆಂದರೆ ಅದು ನಿಯಮವೆನಿಸುತ್ತದೆ. ಬಡತಂದೆಗೆ ಬೀಗರೆದುರು 'ಇಲ್ಲಿಯ ಪದ್ಧತಿಯೇ ಹೀಗೆ' ಎಂದು ಹೇಳುವ ಧೈರ್ಯ ಆ ನಿಯಮದಿಂದ ಬರುತ್ತದೆ. ಅಲಂಕಾರದ ಗುತ್ತಿಗೆಯನ್ನು ಒಬ್ಬನಿಗೇ ವಹಿಸಿ, ಬೇಕಿರಲಿ ಬೇಡವಿರಲಿ ಅದನ್ನು ಬಾಡಿಗೆಯೊಡನೆ ಸೇರಿಸುವ ಕಾರ್ಯಾಲಯಗಳು ಇವೆ. ಧರ್ಮದ ಹೆಸರಿನ ಟ್ರಸ್ಟು ಅಂಥ ಕ್ರಮವನ್ನು ಅನುಸರಿಸಿದರೆ, ಆಡಂಬರದ ಮೇಲೆ ಉಪನ್ಯಾಸ ಏರ್ಪಡಿಸುವ ಶ್ರಮವನ್ನು ಅದು ತೆಗೆದುಕೊಳ್ಳದಿರುವುದೇ ಒಳ್ಳೆಯದು.

ಹಿಂದೆ ಊರಿನ ಗುಡಿ, ಬಸದಿಗಳಲ್ಲಿ ಮದುವೆಗಾಗಿ ಭಾಂಡೆ ಸಾಮಾನು ಇರುತ್ತಿದ್ದವು. ಹಂಡೆ, ಕೊಪ್ಪರಿಗೆ, ಪರಾತಗಳನ್ನು ಬಡವ ಬಲ್ಲಿದರೆನ್ನದೆ ಎಲ್ಲರೂ ಒಯ್ದು, ತಿಕ್ಕಿ ತೊಳೆದು ಮರಳಿಸುತ್ತಿದ್ದರು. ಟ್ರಸ್ಟು ಐವತ್ತು ಹಿತ್ತಾಳೆಯ ಬಟ್ಟಲು, ಐವತ್ತು ಬಿದಿರಿನ ಬುಟ್ಟಿ, ಅಳತೆಗೆ ಕತ್ತರಿಸಿ ಹೊಲಿದ ಖಣದ ಪಟ್ಟಿಗಳನ್ನು ಒಮ್ಮೆ ಕೊಂಡಿಟ್ಟರೆ ಹಲವು ವರ್ಷ ಎಲ್ಲರ ಮದುವೆಗೂ ಅವೇ ಸಾಕು. ಶ್ರೀಮಂತರ ಮೇಜಿನ ಮೇಲೂ ಬಡವರ ಮೇಜಿನ ಮೇಲೂ ಅದೇ ಬಟ್ಟಲು ಕುಳಿತಾಗ 'ಅವರಲ್ಲಿ ಹಾಗಿತ್ತು' ಎಂಬ ಮಾತಿಗೆ ಎಡೆಯಿರದು. ಮೇಜಿನ ಮೇಲೆ ಉರಿ ಹಚ್ಚಕೂಡದು, ಸ್ಪಂಜು ಥರ್ಮೋಕೋಲುಗಳನ್ನು ಒಳಗೆ ತರಕೂಡದು ಎಂಬ ಎರಡು ಸಾಲುಗಳನ್ನು ಬಾಡಿಗೆಯ ಕರಾರಿನಲ್ಲಿ ಸೇರಿಸಲು ಯಾವ ಮಹಾಸಭೆಯ ಠರಾವೂ ಬೇಕಿಲ್ಲ, ಮುಂದಿನ ಕಾರ್ಯಕಾರಿ ಸಮಿತಿಯ ಸಭೆ ಸಾಕು. ಠೇವಣಿಯಾಗಿ ಸಣ್ಣ ಮೊತ್ತ ಇರಿಸಿಕೊಂಡು, ಬಟ್ಟಲುಗಳನ್ನು ಹುಣಸೆಹುಳಿ ಹಚ್ಚಿ ತಿಕ್ಕಿ, ಒಣಗಿಸಿ, ಎಣಿಸಿ ಒಪ್ಪಿಸಿದವರಿಗೆ ಮರಳಿಸಬೇಕು. ತಿಕ್ಕುವ ಕೆಲಸಕ್ಕೆ ಆಳನ್ನು ಹಚ್ಚುವುದಾದರೆ ಆ ಕೂಲಿಯನ್ನು ಟ್ರಸ್ಟೇ ಮೊದಲು ಗೊತ್ತುಪಡಿಸಬೇಕು, ಇಲ್ಲವಾದರೆ ಅದೂ ವಧುವಿನ ಕಡೆಯವರ ತಲೆಗೇ ಬರುತ್ತದೆ.